ಕಂಬಳಿ ಸುಟ್ಟಿತೋ ಉಳಿಯಿತೋ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ನೀವು ನಂಬುವುದಿಲ್ಲ. ಸಿನಿಮಾ ನೋಡಲು ಅರ್ಧ ಚೀಲ ಶೇಂಗಾಕಾಯಿ ಹೊತ್ತುಕೊಂಡು ಹೋದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಆ ಚೀಲದ ಇನ್ನೊಂದು ತುದಿ ಹಿಡಿದಿದ್ದವನೇ ನಾನು.

ನಮ್ಮ ಕಡೆ ಬಿತ್ತನೆಗೆ ಮುಂಚೆ ಶೇಂಗಾ ಸುಲಿಯಬೇಕು. ಈಗ ಮಿಷನ್ನಿಗೆ ಹಾಕಿದರೆ ಟೀ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಮಾವ ಚಿಕ್ಕವನಿದ್ದಾಗ ಮನೆಮಂದಿಯೆಲ್ಲ ಪಡಸಾಲೆಯಲ್ಲಿ ರಾಶಿ ಸುತ್ತ ಕೂತು ಕೈಯಲ್ಲೇ ಸುಲಿಯುತ್ತಿದ್ದರು. ಮಕ್ಕಳು ಎದ್ದು ಓಡಬಾರದಲ್ಲ, ಅದಕ್ಕೆ ಅಜ್ಜಿ, ಅಂದರೆ ಮಾವನ ತಾಯಿ, ಕಥೆ ಹೇಳುತ್ತಿದ್ದಳು. ಮಾಟಗಾತಿಯೊಬ್ಬಳು ರಾಜಕುಮಾರನನ್ನು ಕರೀಕಂಬಳಿ ಮಾಡಿಬಿಡುತ್ತಾಳೆ. ಕುರಿ ಕಾಯುವ ಹುಡುಗಿ ಅದನ್ನು ಸಂತೆಯಲ್ಲಿ ಕೊಳ್ಳುತ್ತಾಳೆ. ಹೊದ್ದುಕೊಂಡರೆ ಕಂಬಳಿ ಹಾಡುತ್ತದೆ. ಹಾಡು ಕೇಳಿ ಹೊಟ್ಟೆಕಿಚ್ಚಾದ ಅತ್ತಿಗೆ ಕಂಬಳಿಯನ್ನು ಒಲೆಗೆ ತುರುಕುತ್ತಾಳೆ. ಅಷ್ಟೊತ್ತಿಗೆ ರಾಶಿ ಮುಗಿದಿರುತ್ತಿತ್ತು.

“ಆಮ್ಯಾಕೇನಾತವ್ವ?”

“ಕಾಯಿ ಮುಗುದ್ವು, ಕಥೆನೂ ಮುಗೀತು. ಏಳ್ರಿ, ಸಿಪ್ಪೆ ಬಳೀರಿ.”

ಪ್ರತಿ ವರ್ಷವೂ ಇದೇ. ಮುಂದಿನ ವರ್ಷ ಮತ್ತೆ ಮಾಟಗಾತಿಯಿಂದ ಶುರು. ಕೊನೆಗೆ ಊರಿಗೆ ಮಿಷನ್ ಬಂತು, ಕಥೆ ಪೂರ್ತಿ ನಿಂತಿತು. ಅಜ್ಜಿಯೂ ಹೋದಳು. ಮಾವ ಮಾತ್ರ ಆ ಒಲೆಯ ಮುಂದೆಯೇ ಉಳಿದುಬಿಟ್ಟ. ಇವತ್ತಿಗೂ ಮಿಷನ್ ಮುಟ್ಟುವುದಿಲ್ಲ. ಸಿಕ್ಕವರನ್ನೆಲ್ಲ ಕಥೆಯ ಕೊನೆ ಕೇಳುತ್ತಾನೆ.

ನನಗೆ ಹೆಣ್ಣು ನೋಡಲು ಗೌರಸಮುದ್ರದ ಕಡೆ ಹೋಗಿದ್ದೆವು. ಉಪ್ಪಿಟ್ಟು ಬಂತು, ಹುಡುಗಿ ಬಂದಳು. ಹಿರಿಯನಾಗಿ ಮಾವ ಮಾತು ತೆಗೆಯಬೇಕಿತ್ತು. ತೆಗೆದ. ಹುಡುಗಿಯ ಅಜ್ಜಿಯ ಕಡೆ ತಿರುಗಿ, “ಅಮ್ಮ, ಆ ಕಂಬಳಿ ಸುಡ್ತೋ ಉಳೀತೋ?” ಅಂದ.

ಆಕೆ ಗಾಬರಿಯಾಗಿ ಒಳಗೆ ಕೂಗಿದಳು: “ಒಲೆ ಹತ್ರ ಯಾರ್ರೇ ಕಂಬಳಿ ಬಿಟ್ಟಿರಾದು?”

ಆ ಹುಡುಗಿಗೆ ಬೇರೆ ಕಡೆ ಮದುವೆಯಾಗಿದೆ.

ಹೀಗಿರುವಾಗ ಮೊನ್ನೆ ನನ್ನ ಮೊಬೈಲಿಗೆ ಹೊಸ ಸಿನಿಮಾದ ಹಾಡೊಂದು ಬಂತು. ಕುರಿಹಿಂಡು, ಗುಡ್ಡ, ಗಾಳಿಯಲ್ಲಿ ತೇಲುತ್ತ ಹಾಡುವ ಕರೀಕಂಬಳಿ. ಮಾವ ಮೊಬೈಲು ಕಿತ್ತುಕೊಂಡ.

“ಲೇ ಅಳಿಯ, ಇದು ನಮ್ಮವ್ವನ ಕಥೆ ಕಣಲೇ. ಇವ್ರಿಗೆ ಯಾರ್ ಹೇಳಿದ್ರು?”

“ಯಾರೋ ಹೇಳಿರ್ತಾರೆ. ಭಾನುವಾರ ಚಳ್ಳಕೆರೆಗೆ ಹೋಗಿ ನೋಡಾನ ಬಾ.”

“ಕಾಯಿ ಎಷ್ಟು ಬೇಕಾಗ್ತಾವೋ.”

ತಮಾಷೆಗೆ ಅಂದಿದ್ದಾನೆ ಅಂದುಕೊಂಡೆ. ಭಾನುವಾರ ಬೈಕಿನ ಮೇಲೆ ಚೀಲವೂ ಏರಿತು.

“ಇಷ್ಟ್ಯಾಕೆ ಮಾವ?”

“ಕಮ್ಮಿ ತಗಂಡೋಗಿ ಕಥೆ ಮತ್ತೆ ಒಲೆ ತಾವೇ ನಿಂತ್ರೆ?”

ಥಿಯೇಟರಿನ ಬಾಗಿಲಲ್ಲಿ ಟಿಕೆಟ್ ಹರಿಯುವವನು ಅಡ್ಡ ಬಂದ.

“ಹೊರಗಿನ ತಿಂಡಿ ಬಿಡಲ್ಲ ಯಜಮಾನ್ರೆ.”

“ತಿನ್ನಾಕಲ್ಲಪ್ಪ, ಬಿತ್ತಾಕೆ.”

“ಒಳಗೆ ಬಿತ್ತೀರಾ?”

“ಬಿತ್ತಾದು ಹೊಲದಾಗೆ. ಇಲ್ಲಿ ಬರೇ ಸುಲಿಯಾದು.”

ಅವನು ನನ್ನ ಮುಖ ನೋಡಿದ. ನಾನು ಪೋಸ್ಟರ್ ನೋಡಿದೆ. ಸಿಪ್ಪೆ ವಾಪಸ್ ಒಯ್ಯಬೇಕು ಅಂತ ಹೇಳಿ ಒಳಗೆ ಬಿಟ್ಟ.

ಸಿನಿಮಾದಲ್ಲಿ ಹಾಡು ಜಾಸ್ತಿ. ಕಂಬಳಿ ಹಾಡಲಿ, ಸರಿ. ಮಾಟಗಾತಿ ಯಾಕೆ ಹಾಡಬೇಕು? ಅವಳ ಹಿಂದೆ ಅಷ್ಟೊಂದು ಜನ ಯಾಕೆ ಕುಣಿಯಬೇಕು? ನಾನು ಆಕಳಿಸುತ್ತಿದ್ದೆ. ಮಾವ ಕಣ್ಣು ತೆರೆಯ ಮೇಲಿಟ್ಟು ಟಪ್ ಟಪ್ ಅಂತ ಸುಲಿಯುತ್ತಿದ್ದ.

ಮುಂದಿನ ಸೀಟಿನವನು ತಿರುಗಿದ. “ಏನ್ರಿ ಅದು ಸದ್ದು?”

“ಸುಮ್ನೆ ಕುಂತಿದೀಯಲ್ಲಪ್ಪ, ನೀನೂ ಸುಲಿ,” ಅಂತ ಮಾವ ಅವನ ಬೊಗಸೆಗೆ ಕಾಯಿ ಸುರಿದ.

ಇಂಟರ್ವೆಲ್ಲಿನ ಹೊತ್ತಿಗೆ ಎರಡು ಸಾಲು ಜನ ನಮ್ಮ ಬಿತ್ತನೆ ಬೀಜ ಸುಲಿಯುತ್ತಿದ್ದರು. ಒಬ್ಬ ಒಂದು ಬೀಜ ಬಾಯಿಗೆ ಹಾಕಿಕೊಂಡು ಬೈಸಿಕೊಂಡ.

ಕೊನೆಗೆ ಆ ಒಲೆ ಬಂತು. ಅತ್ತಿಗೆ ಕಂಬಳಿಯನ್ನು ತುರುಕಿದಳು. ಮಾವನ ಕೈ ನಿಂತಿತು. ಹುಡುಗಿ ಓಡಿಬಂದು ಬೆಂಕಿಗೆ ಬರಿಗೈ ಹಾಕಿ ಎಳೆದಳು. ಅರ್ಧ ಸುಟ್ಟ ಕಂಬಳಿಯೊಳಗಿಂದ, ಒಂದು ಭುಜ ಬೆಂದ ರಾಜಕುಮಾರ ಎದ್ದು ನಿಂತ.

“ಉಳ್ಕಂಡ ಕಣಲೇ,” ಅಂದ ಮಾವ, ಮೆಲ್ಲಗೆ.

ಆಮೇಲೆ ಮದುವೆಯ ಹಾಡು ಬಂತು. ಮಾವ ನೋಡಲಿಲ್ಲ. ಬಗ್ಗಿ ಸಿಪ್ಪೆ ಬಳಿದ.

ಮೊಳಕಾಲ್ಮೂರು ರಸ್ತೆಯಲ್ಲಿ ವಾಪಸ್ ಬರುವಾಗ ಇನ್ನೂ ಬಿಸಿಲಿತ್ತು. ತನ್ನ ಹೊಲದ ಹತ್ತಿರ ಮಾವ ನನ್ನ ಬೆನ್ನು ತಟ್ಟಿ ಗಾಡಿ ನಿಲ್ಲಿಸಲು ಹೇಳಿದ. ಅಜ್ಜಿಯನ್ನು ಮಣ್ಣು ಮಾಡಿದ್ದು ಅಲ್ಲೇ.

“ಅಲ್ಲ ಮಾವ, ಅಜ್ಜಿ ಇದ್ದಾಗ್ಲೇ ಕೇಳಿದ್ರೆ ಮುಗೀತಿತ್ತಲ್ಲ?”

“ಕೇಳಿದ್ದೆ ಕಣಲೇ. ಅವ್ಳಿಗೂ ಗೊತ್ತಿರ್ಲಿಲ್ಲ. ಅವ್ರವ್ವನೂ ಕಾಯಿ ಸುಲಿಸ್ಕೆಂತಾನೇ ಹೇಳಿದ್ದಂತೆ, ಒಲೆ ತಾವಕ್ಕೇ ನಿಲ್ಲಿಸ್ತಿದ್ಳಂತೆ. ಹಾಸಿಗೆ ಹಿಡ್ದಾಗ ನಮ್ಮವ್ವ ಅಂದ್ಳು, ‘ಕೊನೆ ಎಲ್ಲಾದ್ರೂ ಗೊತ್ತಾದ್ರೆ ನಂಗೂ ಹೇಳಪ್ಪ’ ಅಂತ.”

ಚಪ್ಪಲಿ ಬಿಟ್ಟು ಹೋಗಿ ಸಮಾಧಿಯ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತ.

“ಅವ್ವ, ಅತ್ತಿಗೆ ಒಲೆಗೆ ಹಾಕಿದ್ಳಲ್ಲ,” ಅಂದು ನಿಲ್ಲಿಸಿದ.

ಕಥೆ ಹೇಳುವವರು ಹಾಗೆ ನಿಲ್ಲಿಸುತ್ತಾರೆ. ಕೇಳುವವರು ಹೂಂ ಅಂದರೇ ಮುಂದಿನದು. ಮಾವ ಕಾಯುತ್ತಲೇ ಇದ್ದ. ನಾನು ಬೈಕಿನ ಪಕ್ಕ ನಿಂತಿದ್ದೆ. ನನಗೆ ಇಂಥದ್ದೆಲ್ಲ ಬರುವುದಿಲ್ಲ.

“ಹೂಂ,” ಅಂದೆ.

ಮಾವ ತಿರುಗಿ ನೋಡಲಿಲ್ಲ.

“ಹಾಕ್ತಿದ್ದಂಗೇ ಆ ಹುಡ್ಗಿ ಓಡ್ಬಂದ್ಳು.”

“ಹೂಂ.”