ಒಲೆಯ ಪಕ್ಕದ ಬಟ್ಟಲು

ಹಳೆಯ ಕಾಲದ ಹೆಂಗಸರು ಏನು ತಿನ್ನುತ್ತಿದ್ದರು? ಕೇಳಿ ನನ್ನನ್ನು! ರಾಣಿಯ ತಟ್ಟೆಗೆ ಏನೇನು ಬರುತ್ತಿತ್ತು, ವ್ಯಾಪಾರಿಯ ಹೆಂಡತಿ ಯಾರೂ ನೋಡದಾಗ ಏನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ಅರಮನೆಯಲ್ಲಿ ಪಾತ್ರೆ ತಿಕ್ಕುವವಳ ಪಾಲಿಗೆ ಏನು ಉಳಿಯುತ್ತಿತ್ತು, ಎಲ್ಲವೂ ನನಗೆ ಬಾಯಿಪಾಠ. ನಮ್ಮ ವಸ್ತುಸಂಗ್ರಹಾಲಯದಲ್ಲಿ ಇದೇ ವಿಷಯದ ಪ್ರದರ್ಶನ ಎಂದು ಗೊತ್ತಾದದ್ದೇ ತಡ, "ಮೂರು ಊಟಾನೂ ನಾನೇ ನನ್ನ ಕೈಯಾರೆ ಮಾಡ್ತೀನಿ ಮೇಡಂ, ನೀವು ಮನೆಗೆ ಬಂದು ಫೋಟೊ ತೆಗೆದ್ರೆ ಸಾಕು" ಎಂದು ಎದ್ದು ನಿಂತು ಘೋಷಿಸಿಬಿಟ್ಟೆ!

ಮೇಡಂ ಎಂದರೆ ನಮ್ಮ ನಿರ್ದೇಶಕಿ. ಬೆನ್ನ ಹಿಂದೆ ನಾವು ಇಟ್ಟ ಹೆಸರು ಭೂತಗನ್ನಡಿ. "ಚೆನ್ನಾಗಿ ಬಂದ್ರೆ ಮೇಲಿನ ಹಾಲ್ ನಿಮ್ಮ ವಶ. ಇಲ್ದಿದ್ರೆ ಮತ್ತೆ ನೆಲಮಾಳಿಗೆ" ಎಂದರು. ನೆಲಮಾಳಿಗೆಯಲ್ಲಿ ಒಡೆದ ಮಡಕೆಗಳ ಧೂಳು ಒರೆಸುತ್ತಲೇ ತಲೆ ನರೆಸಿಕೊಂಡವನು ನಾನು. ಅಲ್ಲಿಗೆ ವಾಪಸ್ಸು ಹೋಗುವುದನ್ನು ನೆನೆದರೇ ಸೀನು ಬರುತ್ತದೆ.

ಆ ದಿನ ಬೆಳಗ್ಗೆಯೇ ಸೊಂಟಕ್ಕೆ ಟವೆಲ್ ಬಿಗಿದು ಅಡುಗೆಮನೆಗೆ ದಂಡೆತ್ತಿ ಹೋದೆ.

"ರೀ, ಏನೋ ಸೀದ ವಾಸನೆ!" ಹೆಂಡತಿ ಓಡಿ ಬಂದಳು.

"ಬೇಕೂಂತಲೇ ಸೀಯಿಸ್ತಿದ್ದೀನಿ. ಪಾತ್ರೆ ತಿಕ್ಕೋಳಿಗೆ ತಳ ಹಿಡಿದ ಅನ್ನವೇ ಗತಿ. ಇದು ಇತಿಹಾಸ ಕಣೇ!"

"ಅಯ್ಯೋ, ನೀವು ಅಡುಗೆಗೆ ಕೈ ಹಾಕಿದಾಗೆಲ್ಲ ಆಗ್ತಿದ್ದದ್ದು ಇತಿಹಾಸವಾ? ಗೊತ್ತಾಗ್ದೆ ಸುಮ್ನೆ ಬೈತಿದ್ದೆ! ಅಲ್ಲಾ, ಈಗಿನ ಕಾಲದ ಹೆಂಗಸ್ರ ಊಟ ಇಡಲ್ವಾ?"

"ಅದ್ರಲ್ಲಿ ಸಂಶೋಧನೆ ಮಾಡೋಕೇನಿದೆ? ಎಲ್ಲರಿಗೂ ಗೊತ್ತಿರೋದೇ!"

ಅವಳು ಬಕೆಟ್ ಎತ್ತಿಕೊಂಡು ಬಟ್ಟೆ ಒಣಹಾಕಲು ಹೋದಳು.

ರಾಣಿಗೆ ಹುರಿದ ಕೋಳಿ, ಜೇನು ಸುರಿದ ಅಂಜೂರ. ವ್ಯಾಪಾರಿಯ ಹೆಂಡತಿಗೆ ಮೀನು, ಬಾದಾಮಿ, ಬೆಣ್ಣೆ. ಎರಡನ್ನೂ ಊಟದ ಮೇಜಿನ ಮೇಲೆ ಮೆರೆಸಿದೆ. ಆದರೆ ನನ್ನ ಮೇರುಕೃತಿ ಮೂರನೆಯದು! ಸೀದ ಅನ್ನದ ತಳ, ಪಾತ್ರೆಯಲ್ಲಿ ಉಳಿದ ಗಸಿ, ಒಣಗಿದ ಬ್ರೆಡ್ಡಿನ ಅಂಚು. ಅಂಚು ಒಡೆದ ಬಟ್ಟಲೊಂದು ಬೇಕಿತ್ತು, ಮನೆಯಲ್ಲೇ ಸಿಕ್ಕಿತು. ಅದರಲ್ಲಿ ಎಲ್ಲವನ್ನೂ ಜೋಡಿಸಿ, ಒಲೆಯ ಪಕ್ಕ ಇಟ್ಟು, ಅಂಗಿಗೆ ಇಸ್ತ್ರಿ ಹಾಕಲು ಹೋದೆ.

ಬಂದು ನೋಡುತ್ತೇನೆ, ಬಟ್ಟಲೇ ಇಲ್ಲ! ಮೇಡಂ ಬರುವ ಹೊತ್ತು. ಕಿಟಕಿ ನೋಡಿದೆ, ಮುಚ್ಚಿತ್ತು, ಬೆಕ್ಕು ನಿರಪರಾಧಿ. ಹಾಲ್‌ನಲ್ಲಿ ಕೂತಿದ್ದ ಅಮ್ಮನ ಬಳಿಗೆ ಓಡಿದೆ.

"ಅಮ್ಮಾ, ಸೀದ ಅನ್ನ ತಿಂದ್ಯಾ?"

"ಅದನ್ನ ಅಗಿಯೋಕೆ ನನಗೆ ಹಲ್ಲೆಲ್ಲಿದೆಯೋ!"

ಮತ್ತೆ ಅಡುಗೆಮನೆಗೆ ಹಾರಿದೆ. ಆಗ ಕಂಡಿತು: ಬಟ್ಟಲು ತೊಳೆಸಿಕೊಂಡು, ಫಳಫಳ ಹೊಳೆಯುತ್ತ, ಪಾತ್ರೆ ಬುಟ್ಟಿಯಲ್ಲಿ ಬೋರಲಾಗಿ ಕೂತಿತ್ತು! ಇದೆಂಥ ಕಳ್ಳ, ಕದ್ದು ತಿಂದು ಪಾತ್ರೆಯನ್ನೂ ತೊಳೆದಿಡುವವನು? ಹೊಸದಾಗಿ ಸೀಯಿಸೋಣವೆಂದು ಅಕ್ಕಿ ಡಬ್ಬಿಗೆ ಕೈ ಹಾಕಿದೆ. ಬಾಗಿಲ ಗಂಟೆ ಸದ್ದಾಯಿತು.

ಭೂತಗನ್ನಡಿ ಒಳಗೆ ಬಂದು, ಕ್ಯಾಮೆರಾ ಹೊರತೆಗೆದು, ಎರಡೂ ತಟ್ಟೆಗಳಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. "ಮೂರನೇದು?"

ಖಾಲಿ ಬಟ್ಟಲನ್ನು ಮುಂದಿಟ್ಟೆ. "ಬಡವಿಗೆ ಊಟವೇ ಇರ್ಲಿಲ್ಲ ಮೇಡಂ. ಶೂನ್ಯ! ಅದೇ ಸಂದೇಶ!"

ಅವರ ಹುಬ್ಬು ನಿಧಾನವಾಗಿ ಮೇಲೇರಿತು. ಮೆಚ್ಚಿಗೆಯೋ, ನೆಲಮಾಳಿಗೆಯೋ? ಅಷ್ಟರಲ್ಲಿ ಖಾಲಿ ಬಕೆಟ್ ಹಿಡಿದು ಹೆಂಡತಿ ಬಂದಳು.

"ಅದ್ಯಾಕ್ರೀ ನನ್ನ ಬಟ್ಟಲು ತಂದು ಮೇಜಿನ ಮೇಲಿಟ್ಟಿದ್ದೀರಾ?"

"ನಿನ್ನ ಬಟ್ಟಲಾ? ಅದರಲ್ಲಿದ್ದದ್ದು?"

"ನನ್ನ ಊಟ ಅಲ್ವಾ? ನೀವು ಅಂಗಿ ಇಸ್ತ್ರಿ ಮಾಡ್ತಿದ್ರಿ, ನಾನು ನಿಂತಲ್ಲೇ ತಿಂದು ತೊಳೆದಿಟ್ಟೆ. ದಿನಾ ಒಲೆ ಪಕ್ಕಾನೇ ಅಲ್ವಾ ಅದು ಇರೋದು?"

ಮೇಡಂ ಕ್ಯಾಮೆರಾ ಕೆಳಗಿಳಿಸಿದರು. "ದಿನಾ ಅಷ್ಟೇನಾ ನಿಮ್ಮ ಊಟ?"

"ಇಲ್ಲ ಮೇಡಂ, ದಿನಾ ಇಷ್ಟೆಲ್ಲ ಇರಲ್ಲ. ಇವತ್ತು ಬ್ರೆಡ್ಡೂ ಇತ್ತು. ಇವರೇ ಅಡುಗೆ ಮಾಡಿದ್ದಲ್ವಾ, ಪಾಪ, ನನಗೇಂತ ಸ್ವಲ್ಪ ಜಾಸ್ತಿ ಎತ್ತಿಟ್ಟಿದ್ದಾರೆ ಅಂದ್ಕೊಂಡೆ."

ಅವಳು ಗೇಲಿ ಮಾಡಲಿಲ್ಲ. ನಿಜಕ್ಕೂ ಸಂತೋಷದಿಂದಲೇ ಹೇಳಿದಳು. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಊಟಕ್ಕೆ ಕೂತಾಗೆಲ್ಲ ಅವಳು ಬಡಿಸಿದ್ದು ನೆನಪಿಗೆ ಬಂತು. ತಿಂದದ್ದು ಒಂದು ಸಲವೂ ಬರಲಿಲ್ಲ.

"ಈ ಮನೇಲಿ ಹೆಂಗಸ್ರ ಊಟ ಯಾರು ನೋಡಿದ್ದಾರೆ? ಇವನಪ್ಪನೂ ನೋಡ್ಲಿಲ್ಲ" ಎಂದು ಅಮ್ಮ ಹಾಲ್‌ನಿಂದಲೇ ಸೇರಿಸಿದಳು.

ಮೇಡಂ ರಾಣಿಯ ತಟ್ಟೆಯ ಮುಂದಿನ ಕುರ್ಚಿ ಎಳೆದು ನನ್ನ ಹೆಂಡತಿಯನ್ನು ಕೂರಿಸಿದರು. ವ್ಯಾಪಾರಿಯ ಹೆಂಡತಿಯ ಜಾಗದಲ್ಲಿ ಅಮ್ಮ ತಾನಾಗಿಯೇ ಬಂದು ಕೂತು, ಮೊದಲು ಬೆಣ್ಣೆಗೆ ಕೈ ಹಾಕಿದಳು. ಕ್ಲಿಕ್! ಕ್ಲಿಕ್!

"ಮತ್ತೆ ನನಗೆ?" ಎಂದೆ.

"ಪಾತ್ರೆ ತಳದಲ್ಲಿ ಇನ್ನೂ ಸ್ವಲ್ಪ ಅಂಟ್ಕೊಂಡಿದೆ ನೋಡಿ. ಕೆರೆದ್ರೆ ಬರುತ್ತೆ" ಎಂದಳು ರಾಣಿ, ಕೋಳಿಯ ತೊಡೆ ಕಚ್ಚುತ್ತ.

ಹೊಟ್ಟೆ ಹಸಿದಿತ್ತು. ಒಲೆಯ ಪಕ್ಕ ನಿಂತು ಕೆರೆದೆ. ಬೆನ್ನ ಹಿಂದೆ ಹೆಜ್ಜೆ ಸದ್ದಾಯಿತೆಂದು ತಿರುಗಿದೆ. ಮತ್ತೊಂದು ಕ್ಲಿಕ್!

ಈಗ ಮೇಲಿನ ಹಾಲಿನಲ್ಲಿ ಮೂರೂ ಚಿತ್ರಗಳು ತೂಗುತ್ತಿವೆ. ಬಂದವರೆಲ್ಲ ಮೂರನೆಯದರ ಮುಂದೆ ನಿಂತು ಒಂದೇ ಪ್ರಶ್ನೆ ಕೇಳುತ್ತಾರೆ: "ಈ ಪಾತ್ರೆ ತಿಕ್ಕೋಳಿಗೆ ಮೀಸೆ ಯಾಕಿದೆ?" ಅದಕ್ಕೆ ಉತ್ತರ ಹೇಳಲೆಂದೇ ಭೂತಗನ್ನಡಿ ನನ್ನನ್ನು ನೆಲಮಾಳಿಗೆಯಿಂದ ಮೇಲಕ್ಕೆ ವರ್ಗ ಮಾಡಿದ್ದಾರೆ!