ಲಕ್ಷ್ಮೀ ನಗರದ ನಲವತ್ತು ಫ್ರಿಜ್ಜುಗಳು

ನಮ್ಮ ನೋಯ್ಡಾ ಆಫೀಸಿನಲ್ಲಿ ಸರ್ಟಿಫಿಕೇಟ್ ಎಂದರೆ ನಾನು, ನಾನೆಂದರೆ ಸರ್ಟಿಫಿಕೇಟ್. ಐಸ್‌ಕ್ರೀಂ ಅಂಗಡಿಗಳ ಫ್ರಿಜ್ಜಿಗೆ ಕೂರಿಸುವ ಪುಟ್ಟ ಪೆಟ್ಟಿಗೆಯನ್ನು ತಯಾರಿಸುವುದು ನಮ್ಮ ಕೆಲಸ. ಅದರೊಳಗೆ ಒಂದು ಸಿಮ್ ಇರುತ್ತದೆ. ಫ್ರಿಜ್ಜು ಎಷ್ಟು ತಣ್ಣಗಿದೆ, ಬಾಗಿಲು ಎಷ್ಟು ಸಲ ತೆರೆಯಿತು ಎಂದು ಅದು ನಮ್ಮ ಸರ್ವರ್‌ಗೆ ವರದಿ ಒಪ್ಪಿಸುತ್ತಿರುತ್ತದೆ. ವರದಿ ಕೊಡುತ್ತಿರುವುದು ಯಾವ ಪೆಟ್ಟಿಗೆ ಎಂದು ಸರ್ವರ್ ನಂಬಬೇಕಲ್ಲ? ಅದಕ್ಕೆಂದೇ ಪ್ರತಿ ಪೆಟ್ಟಿಗೆಗೂ ಒಂದು ಡಿಜಿಟಲ್ ಸರ್ಟಿಫಿಕೇಟ್, ಅಂದರೆ ಗುರುತಿನ ಚೀಟಿ ಬೇಕು. ಅದನ್ನು ದಯಪಾಲಿಸಲು ಇಪ್ಪತ್ತೆರಡು ಹಂತಗಳಿದ್ದವು. ಇಪ್ಪತ್ತೆರಡೂ ಗೊತ್ತಿದ್ದದ್ದು ನನಗೊಬ್ಬನಿಗೇ. ಜನ ಸಮೋಸಾ ಹಿಡಿದುಕೊಂಡು ನನ್ನ ಮೇಜಿನ ಮುಂದೆ ಕಾಯುತ್ತಿದ್ದರು.

ಹೀಗಿರುವಾಗ ಬೀದರಿನ ಇಮ್ರಾನ್ ಕೆಲಸಕ್ಕೆ ಸೇರಿದ. "ಸರ್, ಇಷ್ಟೆಲ್ಲ ಯಾಕೆ?" ಎಂದು ವಿನಯದಿಂದ ಕೇಳಿದ. ಎರಡು ವಾರದಲ್ಲಿ ಇಪ್ಪತ್ತೆರಡು ಹಂತಗಳನ್ನು ಒಂದೇ ಬಟನ್ ಮಾಡಿಟ್ಟ. ಒತ್ತಿದರೆ ಅರ್ಧ ನಿಮಿಷಕ್ಕೊಂದು ಸರ್ಟಿಫಿಕೇಟ್. ಸಮೋಸಾ ಬರುವುದು ನಿಂತುಹೋಯಿತು.

ನನಗೆ ಹೊಟ್ಟೆಕಿಚ್ಚಾಯಿತು. ಸುತ್ತಿಬಳಸಿ ಹೇಳುವುದೇನಿದೆ? ಕನ್ನಡದ ಹುಡುಗ ಎಂದು ನಾನೇ ಅವನನ್ನು ಮನೆಗೆ ಊಟಕ್ಕೆ ಕರೆದಿದ್ದೆ. ನನ್ನ ಹೆಂಡತಿ ಸುಮಿತ್ರಾ ಗರಿಗರಿಯಾದ ದೋಸೆಗಳನ್ನೆಲ್ಲ ಅವನ ತಟ್ಟೆಗೆ ಹಾಕಿ, ಹರಿದದ್ದನ್ನು ನನಗೆ ಹಾಕಿದಳು.

"ಪಾಪಾ, ಇಮ್ರಾನ್ ಅಂಕಲ್ ಕಿತ್ನೇ ಸ್ಮಾರ್ಟ್ ಹೈಂ ನಾ?" ಎಂದಳು ದಿಲ್ಲಿಯ ಹಿಂದಿಯಲ್ಲೇ ಬೆಳೆದ ಮಗಳು; ಅಂಕಲ್ ಎಷ್ಟು ಜಾಣರು ಅಲ್ವಾ, ಎಂದರ್ಥ.

"ನೀವು ಒಂದು ಇಡೀ ದಿನ ಮಾಡ್ತಿದ್ದ ಕೆಲಸ ಅಲ್ವೇನ್ರೀ ಅದು?" ಎಂದಳು ಸುಮಿತ್ರಾ. ನಾನು ಹರಿದ ದೋಸೆಗೆ ಇನ್ನಷ್ಟು ಚಟ್ನಿ ಬಡಿಸಿಕೊಂಡೆ.

ಆ ವಾರವೇ ನಮ್ಮ ಮೇಲಧಿಕಾರಿ ಮಲ್ಹೋತ್ರಾ ಸಾಹೇಬರು ಆಜ್ಞೆ ಹೊರಡಿಸಿದರು. ಸೋಮವಾರ ಐಸ್‌ಕ್ರೀಂ ಕಂಪನಿಯವರು ಬರುತ್ತಾರೆ, ಅಷ್ಟರೊಳಗೆ ನಲವತ್ತು ಅಂಗಡಿಗಳಲ್ಲಿ ಪೆಟ್ಟಿಗೆ ಕೂರಬೇಕು, ಯಾರ ವಿಧಾನ ಬೇಗ ಮುಗಿಯುತ್ತದೋ ಅವರೇ ಇನ್ನು ಮುಂದೆ ಸರ್ಟಿಫಿಕೇಟ್ ವಿಭಾಗದ ಮುಖ್ಯಸ್ಥರು. ಇಮ್ರಾನ್ ಇಪ್ಪತ್ತು ನಿಮಿಷ ಕೇಳಿದ. ನಾನು ಎದ್ದು ನಿಂತು, "ಐದು ನಿಮಿಷ" ಎಂದುಬಿಟ್ಟೆ. ಹೇಗೆ ಎಂಬುದು ನನಗೂ ಗೊತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಹೊಳೆಯಿತು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇರುವುದು ಒಂದೇ. ಅದರ ಜೆರಾಕ್ಸಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿಕೊಂಡೇ ನಾನು ಕಾಲೇಜು, ಕೆಲಸ, ಗ್ಯಾಸ್ ಕನೆಕ್ಷನ್ ಎಲ್ಲ ಗಿಟ್ಟಿಸಿದ್ದು. ಮೂಲ ಒಂದಿದ್ದರೆ ಸಾಲದೇ? ಪರೀಕ್ಷೆಗೆಂದು ಲಕ್ಷ್ಮೀ ನಗರದ ನಮ್ಮ ಮನೆಯ ಫ್ರಿಜ್ಜಿಗೇ ಒಂದು ಪೆಟ್ಟಿಗೆ ಕೂರಿಸಿದ್ದೆ. ಇಪ್ಪತ್ತೆರಡು ಹಂತಗಳನ್ನೂ ಭಕ್ತಿಯಿಂದ ಪೂರೈಸಿ ಮಾಡಿದ್ದ ಆ ಸರ್ಟಿಫಿಕೇಟನ್ನು ನಲವತ್ತು ಪೆಟ್ಟಿಗೆಗಳಿಗೂ ನಕಲು ಮಾಡಿದೆ. ಒಂದೊಂದನ್ನೇ ಹಚ್ಚಿ ನೋಡಿದೆ. ಸರ್ವರ್ ಪ್ರತಿಯೊಂದನ್ನೂ ಸ್ವಾಗತಿಸಿತು. ನಾಲ್ಕೂವರೆ ನಿಮಿಷ! ಪೆಟ್ಟಿಗೆಗಳು ಆ ಸಂಜೆಯೇ ಅಂಗಡಿಗಳಿಗೆ ಹೊರಟವು. ಇಮ್ರಾನ್ ಏನೋ ಹೇಳಲು ಬಂದ. "ನಾಳೆ ಮಾತಾಡೋಣ" ಎಂದು ಬ್ಯಾಗು ಹೆಗಲಿಗೇರಿಸಿದೆ. ನಾಳೆ ಭಾನುವಾರ.

ಸೋಮವಾರ ಗೋಡೆಯ ಮೇಲೆ ದಿಲ್ಲಿಯ ದೊಡ್ಡ ನಕ್ಷೆ ಬೆಳಗಿತು. ರೋಹಿಣಿ ಬಡಾವಣೆಯಿಂದ ಹಿಡಿದು ಊರ ತುಂಬ ನಲವತ್ತು ಕಡೆ ಹಸಿರು ಚುಕ್ಕೆ ಮೂಡಬೇಕಿತ್ತು. ಮೂಡಿದ್ದು ಒಂದೇ ಚುಕ್ಕೆ, ಅದೂ ಫ್ರಿಜ್ಜು ಬಿಸಿಯಾಗಿದೆ ಎಂದು ಸಾರುವ ಕೆಂಪು, ಲಕ್ಷ್ಮೀ ನಗರದಲ್ಲಿ. ನಲವತ್ತು ಪೆಟ್ಟಿಗೆಗಳೂ ತಾವು ನಮ್ಮ ಮನೆಯ ಫ್ರಿಜ್ಜೇ ಎಂದು ಒಕ್ಕೊರಲಿನಿಂದ ಸಾರುತ್ತಿದ್ದವು.

"ಅಚ್ಛಾ, ಈ ಅಂಗಡಿ ಯಾರದು? ಬೆಳಗ್ಗೆಯಿಂದ ಒಂಬೈನೂರು ಸಲ ಬಾಗಿಲು ತೆರೆದಿದ್ದಾರಲ್ಲ," ಎಂದು ಕಂಪನಿಯವರು ಹಿಂದಿಯಲ್ಲಿ ಮೆಚ್ಚಿಕೊಂಡರು. ಮಲ್ಹೋತ್ರಾ ಸಾಹೇಬರು ಚುಕ್ಕೆಯನ್ನು ಒತ್ತಿದರು. ಗೋಡೆಯ ಮೇಲೆ ನನ್ನ ಹೆಸರು, ಮನೆ ನಂಬರು, ಎರಡನೇ ಮಹಡಿ.

ಅಷ್ಟರಲ್ಲಿ ಸುಮಿತ್ರಾಳ ಫೋನು. ಯಾವ ಫ್ರಿಜ್ಜು ಬಿಸಿಯಾದರೂ ಆ ವಿಳಾಸಕ್ಕೆ ರಿಪೇರಿಯವರನ್ನು ತಾನೇ ಕಳಿಸುವಂತೆ ಸರ್ವರ್‌ಗೆ ನಾನೇ ಕಲಿಸಿದ್ದೆ. ಈಗ ಯಾವ ಅಂಗಡಿಯ ಫ್ರಿಜ್ಜು ಬಿಸಿಯಾದರೂ ವಿಳಾಸ ನಮ್ಮ ಮನೆಯದೇ.

"ರೀ, ಫ್ರಿಜ್ ರಿಪೇರಿ ಅಂತ ಆರು ಜನ ಬಂದಿದ್ದಾರೆ. ಚೆನ್ನಾಗಿದೆ ಅಂದ್ರೂ ಕೇಳ್ತಿಲ್ಲ. ಒಬ್ಬ ಭಯ್ಯಾ ದೋಸೆ ಹಿಟ್ಟು ಮೂಸಿ, ಹುಳಿ ಬಂದಿದೆ, ಫ್ರಿಜ್ ಕೆಟ್ಟಿರೋದಕ್ಕೆ ಇದೇ ಸಾಕ್ಷಿ ಅಂತ ಬರ್ಕೊಂಡ."

"ಹಿಟ್ಟು ಹುಳಿ ಬರಬೇಕಾದ್ದೇ ಅಂತ ಹೇಳು."

"ಹೇಳೋಷ್ಟರಲ್ಲಿ ಚೆಲ್ಲಿಬಿಟ್ಟ. ಮೆಟ್ಟಿಲ ಮೇಲೆ ಇನ್ನೂ ಮೂರು ಜನ ಬರ್ತಿದ್ದಾರೆ. ಆ ಇಮ್ರಾನ್‌ಗಾದ್ರೂ ಫೋನ್ ಕೊಡಿ."

ಕೊಟ್ಟೆ. ಅವನು "ಅಕ್ಕಾ, ಅರ್ಧ ಗಂಟೆ" ಎಂದ. ನನ್ನ ಸರ್ಟಿಫಿಕೇಟನ್ನು ರದ್ದು ಮಾಡಿ, ಸಿಮ್ ನಂಬರು ಹಿಡಿದು ಪ್ರತಿ ಪೆಟ್ಟಿಗೆಗೂ ಕೂತಲ್ಲಿಂದಲೇ ಅದರದೇ ಹೊಸತನ್ನು ಕಳಿಸುತ್ತ ಹೋದ. ಒಂದೊಂದೇ ಹಸಿರು ಚುಕ್ಕೆ ಮೂಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸದ್ದಾಗದಂತೆ.

ಇಮ್ರಾನ್ ಮುಖ್ಯಸ್ಥನಾದ. ಬಟನ್ ಒತ್ತುವುದು ಹೇಗೆಂದು ಆಫೀಸಿನವರಿಗೆಲ್ಲ ಅರ್ಧ ದಿನದ ತರಬೇತಿ ಕೊಟ್ಟ. ಮೊದಲ ಸಾಲಿನಲ್ಲಿ ನನ್ನನ್ನು ಕೂರಿಸಿದ್ದರು. ಕೊನೆಗೆ ಎಲ್ಲರಿಗೂ ಹಾಜರಾತಿಯ ಸರ್ಟಿಫಿಕೇಟ್ ಹಂಚಿದರು, ಕೆಳಗೆ ಇಮ್ರಾನನ ಸಹಿ. ಸುಮಿತ್ರಾ ಅದನ್ನು ಫ್ರಿಜ್ಜಿನ ಬಾಗಿಲಿಗೇ ಅಂಟಿಸಿದ್ದಾಳೆ.

ಮನೆಗೆ ಬರುವ ದಾರಿಯಲ್ಲಿ, ಹಳೆಯ ಅಭ್ಯಾಸ ನೋಡಿ, ಅದರದ್ದೂ ಎರಡು ಜೆರಾಕ್ಸ್ ಮಾಡಿಸಿಟ್ಟುಕೊಂಡಿದ್ದೇನೆ.