ಗ್ರಹರಾಜನ ದನಿ

ಇಷ್ಟಕ್ಕೆಲ್ಲ ಕಾರಣ ಕಸ್ತೂರಿಬಾಯಿಯ ಒಂದು ಮಾತು. ರವಿವಾರ ಮುಂಜಾನೆ ರೊಟ್ಟಿ ಬಡಿಯುತ್ತ, ತಲೆ ಎತ್ತದೆ, "ಐದೂ ಕ್ಯಾಸೆಟ್ ಒಂದೇ ಅದಾವ್ರಿ" ಎಂದುಬಿಟ್ಟಳು.

ಆಳಂದದ ಗುಮಾಸ್ತ ದೌಲತರಾಯನಿಗೆ ಹೆಂಡತಿ ಬೇರೆ ಏನೇ ಅಂದಿದ್ದರೂ ನಡೆಯುತ್ತಿತ್ತು. ಬೋಳಾಗುತ್ತಿರುವ ತಲೆಯ ಬಗ್ಗೆ ಆಡಬಹುದಿತ್ತು, ಬಾರದ ಬಡ್ತಿಯ ಬಗ್ಗೆ ಆಡಬಹುದಿತ್ತು. ಆ ಕ್ಯಾಸೆಟ್ಟುಗಳ ಮಾತು ಮಾತ್ರ ಎತ್ತಬಾರದಿತ್ತು. ಆಕಾಶದಲ್ಲಿ ಹಡಗು ಹಾರಿಸುವ ಇಂಗ್ಲಿಷ್ ಪಿಕ್ಚರು ಒಂದರ ಹಿಂದೊಂದು ಐದು ಭಾಗ ಬಂದಿದ್ದವು. ಐದನ್ನೂ ಅವನು ಸೊಲ್ಲಾಪುರಕ್ಕೆ ಹೋಗಿ ನೋಡಿದ್ದ. ಟಾಕೀಸಿನ ಸೀಟಿ ಗದ್ದಲದಲ್ಲಿ ಸಂಗೀತ ಸರಿಯಾಗಿ ಕಿವಿಗೆ ಬೀಳುತ್ತಿರಲಿಲ್ಲವಾದ್ದರಿಂದ, ಪ್ರತಿ ಸಲವೂ ಅಲ್ಲೇ ಒಂದು ಅಂಗಡಿಯಲ್ಲಿ ಆ ಭಾಗದ ವಾದ್ಯಸಂಗೀತವನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಂದಿದ್ದ.

"ನಿನಗ ಸಂಗೀತದಾಗ ಏನ್ ತಿಳೀತದ?" ಎಂದ ದೌಲತರಾಯ. "ಪೈಲಾ ಭಾಗದಾಗ ತುತ್ತೂರಿ ಗತ್ತಿನಿಂದ ನಡೀತಾವ, ಐದನೇದರಾಗ ಅಳ್ತಾವ. ನಡುವ ಆ ಪಿಕ್ಚರಿನ ಗ್ರಹದ ರಾಜಾ ಮಾತಾಡ್ತಾನಲ್ಲ, ಪೈಲಾದಾಗ ಅಂವ ಪ್ರಾಯದಾಂವ. ಐದನೇದರಾಗ ಮುದುಕ ಆಗಿ ನರಳ್ತಾನ. ಇದನ್ನ ತಿಳಕೊಂಡಾಂವ ಇಡೀ ತಾಲ್ಲೂಕಿನಾಗ ನಾ ಒಬ್ಬನೇ."

ಅವನು ಕೇಳುವುದರಲ್ಲೂ ಒಂದು ಶಿಸ್ತಿತ್ತು. ರಜೆಯ ದಿನ ಮುಂಜಾನೆ ಸ್ನಾನವಾದ ಮೇಲೆ ಮೊದಲನೆಯ ಭಾಗ, ಹೊತ್ತೇರಿದಂತೆ ಮುಂದಿನವು, ಐದನೆಯದು ದೀಪ ಹಚ್ಚುವ ಹೊತ್ತಿಗೆ. ಈ ಕ್ರಮ ಎಂದೂ ತಪ್ಪುತ್ತಿರಲಿಲ್ಲ.

ಗೋಡೆಯಾಚೆ ಲಾಡ್ಲೆಸಾಬನ ಹಿಟ್ಟಿನ ಗಿರಣಿ. ಮುಂಜಾನೆ ಗಿರಣಿ ಶುರುವಾದರೆ ದೌಲತರಾಯನ ಮನೆಯ ಬಲ್ಬು ಕೆಂಪಗಾಗುತ್ತಿತ್ತು. ಸಂಜೆ ಖಾರ ಕುಟ್ಟುವ ಯಂತ್ರವೂ ಸೇರಿಕೊಂಡರೆ ಬಲ್ಬನ್ನು ಹುಡುಕಬೇಕಾಗುತ್ತಿತ್ತು. ಲಾಡ್ಲೆಸಾಬ ಹಿಟ್ಟು ಮೆತ್ತಿದ ಮುಖವನ್ನು ಕಿಟಕಿಯಲ್ಲಿ ತೂರಿಸಿದ.

"ಮನ್ಯಾಗ ಯಾಕ್ರಿ ಜಗಳ, ಸಾಹೇಬ್ರ? ಇವತ್ತ ಸಂಜೀಕ ವಾಚನಾಲಯದಾಗ ಎಲ್ಲಾರಿಗೂ ಕೇಳಿಸಿಬಿಡ್ರಿ. ಒಂದೋ ಐದೋ, ಮಂದಿ ಹೇಳ್ಲಿ. ಇಂತೆಜಾಮ್ ನಂದು."

ಲಾಡ್ಲೆಸಾಬ ಏರ್ಪಾಡಿಗೆ ಇಳಿದನೆಂದರೆ ಊರಿಗೆ ಊರೇ ಸೇರಬೇಕು. ಅರ್ಧ ಗಂಟೆಯಲ್ಲಿ ಒಂದು ಟಾಂಗಾ ಧ್ವನಿವರ್ಧಕ ಕಟ್ಟಿಕೊಂಡು ಓಣಿ ಓಣಿ ತಿರುಗಿತು. "ಇಂದು ಸಂಜೆ ದೌಲತರಾಯರಿಂದ ಆಕಾಶದ ಹಾಡು" ಎಂಬ ಕೂಗನ್ನು ಮಂದಿ ತಮಗೆ ತಿಳಿದಂತೆ ಅರ್ಥ ಮಾಡಿಕೊಂಡರು. ಮಟಕಿ ಹಳ್ಳಿಯ ರೈತನೊಬ್ಬ ಮನೆಗೇ ಬಂದು, ಮಳೆ ಯಾವಾಗ ಎಂದು ಅದರಲ್ಲಿ ಬರುತ್ತದೆಯೇ ಎಂದು ಕೇಳಿದ. ಎದುರುಮನೆಯ ಸಾಬವ್ವ, ನಡುವೆ ಬಿಡುವು ಸಿಕ್ಕರೆ ತನ್ನದೂ ಒಂದು ಭಜನೆಯಾಗಲಿ ಎಂದು ಹೇಳಿಕಳಿಸಿದಳು.

ಅಷ್ಟರಲ್ಲಿ ಮಾವ ಚಂದ್ರಾಮಪ್ಪ ಬಸ್ಸಿಳಿದು ಬಂದ. ಕರಜಗಿಯಲ್ಲಿ ಕಬ್ಬು ಬೆಳೆಯುವ ಕುಳ. ಅಳಿಯನನ್ನು ಅವನು ಹೆಸರಿನಿಂದ ಕರೆದದ್ದೇ ಇಲ್ಲ. ನಾಲ್ಕು ಮಂದಿಯ ಮುಂದೆ "ನಮ್ಮ ಗುಂಯ್ ಗುಂಯ್ ಗುಮಾಸ್ತ" ಎನ್ನುತ್ತಿದ್ದ. ಆ ಬಾಯಲ್ಲಿ ಒಮ್ಮೆ, ಮಂದಿಯ ಮುಂದೆ, ಮರ್ಯಾದೆಯ ಒಂದು ಮಾತು ಬರಬೇಕೆಂಬುದೇ ದೌಲತರಾಯನ ಜೀವನದ ಆಸೆ. ಬಡ್ತಿಯನ್ನೂ ಅವನು ಇಷ್ಟು ಬಯಸಿರಲಿಲ್ಲ.

"ಏನದು ಆಕಾಶದ ಹಾಡು?" ಎಂದ ಮಾವ. "ಅದರಾಗ ನಮ್ಮ ಕಡೆ ಮಂದಿ ಯಾರರ ಅದಾರೇನು?"

"ಇಲ್ರಿ ಮಾವಾರ. ಎಲ್ಲಾ ವಿಲಾಯತಿಯವ್ರು."

"ಹಂಗಾರ ನಮಗೇನ್ ಸಂಬಂಧ?" ಎಂದ ಚಂದ್ರಾಮಪ್ಪ. ಆದರೂ ಬರುತ್ತೇನೆಂದ.

ಮಧ್ಯಾಹ್ನ ಅಭ್ಯಾಸಕ್ಕೆಂದು ಹಾಕಿದ ಮೂರನೆಯ ಕ್ಯಾಸೆಟ್ಟಿನ ರೀಲು ಶಾವಿಗೆಯಂತೆ ಹೊರಬಂತು. ಕಸ್ತೂರಿಬಾಯಿ ಪೆನ್ಸಿಲು ತೂರಿಸಿ ಸುತ್ತಿಕೊಟ್ಟಳು.

ಸಂಜೆ ವಾಚನಾಲಯ ತುಂಬಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ದೌಲತರಾಯ ಎದೆ ಉಬ್ಬಿಸಿ ನಿಂತು, ಭಾಗದಿಂದ ಭಾಗಕ್ಕೆ ಸಂಗೀತ ಹೇಗೆ ಭಾರವಾಗುತ್ತದೆ, ಗ್ರಹರಾಜನಿಗೆ ಹೇಗೆ ವಯಸ್ಸಾಗುತ್ತದೆ ಎಂದು ವಿವರಿಸಿದ. ಮಂದಿ ತಲೆದೂಗಿದರು. ಮಾವ ಕೂಡ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದ. ಟೇಪ್ ರೆಕಾರ್ಡರಿನ ಗುಂಡಿ ಒತ್ತಬೇಕು, ಕರೆಂಟು ಹೋಯಿತು.

"ಫಿಕರ್ ಮಾಡಬ್ಯಾಡ್ರಿ," ಎಂದು ಲಾಡ್ಲೆಸಾಬ ಎದ್ದ. "ಹೊಸಾ ಸೆಲ್ ತಂದೀನಿ." ತಾನೇ ಸೆಲ್ಲು ತುಂಬಿಸಿದ.

ಮೊದಲ ಭಾಗ ಶುರುವಾಯಿತು. ತುತ್ತೂರಿಗಳು ನಡೆಯಲಿಲ್ಲ, ಓಡಿದವು. ದೌಲತರಾಯನಿಗೆ ಗಾಬರಿಯಾಯಿತು. ರಾಜನ ಮಾತಿಗೆ ಮುಂಚೆಯೇ ನಿಲ್ಲಿಸಿ, "ಈಗ ಐದನೇದು. ತುತ್ತೂರಿ ಅಳೂದು ಕೇಳ್ರಿ" ಎಂದ. ಐದನೆಯದರ ತುತ್ತೂರಿಗಳೂ ಅಳಲಿಲ್ಲ. ಅವೇ ತುತ್ತೂರಿ, ಅದೇ ಓಟ. ಅವನ ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿಕೊಂಡಿತು.

"ಈಗ... ರಾಜಾ ಸಾಯೂ ಮುಂದ ಆಡೂ ಮಾತು," ಎಂದ ಕ್ಷೀಣವಾಗಿ. ಮಂದಿ ಉಸಿರು ಬಿಗಿಹಿಡಿದರು. ಪೆಟ್ಟಿಗೆಯೊಳಗಿಂದ ಗ್ರಹರಾಜ ಸ್ಪಷ್ಟವಾಗಿ ನುಡಿದ:

"ಅರೇ ಬಾಳ್ಯಾ, ದೋನ ಚಹಾ ಆಣ ರೇ. ಸಾಖರ ಕಮೀ."

ಎರಡು ಚಹಾ, ಸಕ್ಕರೆ ಕಡಿಮೆ. ಅಪ್ಪಟ ಸೊಲ್ಲಾಪುರದ ಮರಾಠಿ. ಆಳಂದದಲ್ಲಿ ಅದು ತಿಳಿಯದವರು ಯಾರೂ ಇರಲಿಲ್ಲ. ದೌಲತರಾಯ ಮೊದಲ ಕ್ಯಾಸೆಟ್ಟನ್ನು ಮತ್ತೆ ಹಾಕಿದ. ಅಲ್ಲೂ ಬಾಳ್ಯಾನೇ, ಅಲ್ಲೂ ಎರಡೇ ಚಹಾ.

ಅವನಿಗೆ ಎಲ್ಲ ಹೊಳೆಯಿತು. ಅಂಗಡಿಯವನು ಐದು ಸಲವೂ ಒಂದೇ ಸಂಗೀತವನ್ನು ತುಂಬಿ ಕೊಟ್ಟಿದ್ದ, ತುಂಬುವಾಗ ಚಹಾ ಹೇಳಿದ್ದೂ ಅದರಲ್ಲಿ ಸೇರಿತ್ತು. ಗಿರಣಿ ಕರೆಂಟು ಎಳೆದಷ್ಟೂ ಮನೆಯ ಟೇಪು ನಿಧಾನವಾಗಿ, ಮಾತು ಗುರುತು ಸಿಗದಂತಾಗುತ್ತಿತ್ತು. ಗ್ರಹರಾಜನನ್ನು ಮುದುಕನನ್ನಾಗಿ ಮಾಡಿದ್ದು ಲಾಡ್ಲೆಸಾಬನ ಖಾರ ಕುಟ್ಟುವ ಯಂತ್ರ.

ಚಂದ್ರಾಮಪ್ಪ ಎದ್ದು ನಿಂತ. ಮುಗಿಯಿತು ನನ್ನ ಕತೆ ಎಂದುಕೊಂಡ ದೌಲತರಾಯ ಕಣ್ಣು ಮುಚ್ಚಿದ.

"ಮುಂಜಾನಿ ಕೇಳಿದಾಗ ನಮ್ಮ ಕಡೆ ಮಂದಿ ಇಲ್ಲಂದ್ರಿ," ಎಂದ ಮಾವ. ಅಳಿಯನ ಹೆಗಲ ಮೇಲೆ ಕೈ ಇಟ್ಟ. "ಯಾಕ್ರಿ ಮುಚ್ಚಿಟ್ರಿ? ವಿಲಾಯತಿ ಪಿಕ್ಚರಿನಾಗ, ಆಕಾಶದಾಗ, ರಾಜಾ ನಮ್ಮ ಸೊಲ್ಲಾಪುರದಾಂವ. ಸಾಯೂ ಮುಂದ ಸೈತ ಚಹಾ ಕೇಳ್ಯಾನ. ಕೇಳ್ರಿ ಎಲ್ಲಾರೂ, ಇವ್ರು ನಮ್ಮ ಅಳಿಯಾರು, ದೌಲತರಾಯರು. ಮುಂದಿನ ರವಿವಾರ ಕರಜಗಿಯಾಗ ಇವರ ಭಾಷಣ, ಅದರ ಮುಂದಿನದು ಗೊಬ್ಬೂರದಾಗ."

ಚಪ್ಪಾಳೆ ನಿಲ್ಲಲೇ ಇಲ್ಲ. ಲಾಡ್ಲೆಸಾಬ ಎರಡೂರಿಗೂ ಸೆಲ್ಲು ತನ್ನದೇ ಎಂದು ಸಾರಿದ. ಜೀವನವೆಲ್ಲ ಕಾದಿದ್ದ ಮಾತು ಕಡೆಗೂ ಬಂದಿತ್ತು, ಆದರೆ ಅದನ್ನು ನುಂಗುವುದು ದೌಲತರಾಯನಿಗೆ ಕಷ್ಟವಾಯಿತು.

ಮನೆಯ ಹಾದಿಯಲ್ಲಿ, ಮಾವ ಮುಂದೆ ಮುಂದೆ ಮೀಸೆ ತಿರುವುತ್ತ ನಡೆದಾಗ, ಅವನು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ: "ಕಸ್ತೂರಿ, ನೀ ಅಂದದ್ದೇ ಖರೆ. ಐದೂ ಒಂದೇ ಅದಾವ. ಮಾವಾರಿಗೆ ಹೇಳಿಬಿಡ್ತೇನಿ."

ಕಸ್ತೂರಿಬಾಯಿ ಮುಂದೆ ಹೋಗುತ್ತಿದ್ದ ಅಪ್ಪನ ನೆಟ್ಟಗಾದ ಬೆನ್ನನ್ನು ಒಮ್ಮೆ ನೋಡಿದಳು. ಸೆರಗನ್ನು ಗತ್ತಿನಿಂದ ಸರಿಮಾಡಿಕೊಂಡಳು.

"ಸುಮ್ನಿರ್ರಿ," ಎಂದಳು. "ಐದೂ ಬ್ಯಾರೆ ಬ್ಯಾರೆನೇ ಅದಾವ. ನಿಮಗ ಸಂಗೀತದಾಗ ಏನ್ ತಿಳೀತದ?"